ಮೊದಲ ಎಲೆ ಕಟ್ಟಿಸಿದ ಮಾರುತಿರಾಯ

೨೦೦೪ರ ಶ್ರಾವಣದಲ್ಲಿ ನನ್ನ ಸಂಶಯದಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ಮಾರುತಿರಾಯ ತಡೆದ. ಭಕ್ತ ಬಂಧುಗಳಿಗೆ ಅದನ್ನು ತಿಳಿಸದಿದ್ದರೆ ತಪ್ಪಾದೀತು.

ಸೈನ್ಯದ ಕಚೇರಿಯಿಂದ ನಿವೃತ್ತನಾಗಿ ಪುಣೆಯ ಖರಾಡಿಯಲ್ಲಿ ಸಣ್ಣ ಕಂಪನಿಯೊಂದನ್ನು ಸೇರಿದ್ದೆ. ಆಸ್ಪತ್ರೆಯ ಔಷಧಿ ಚೀಟಿಗಳನ್ನು ಓದುವ ಪ್ರೋಗ್ರಾಂ ನಮ್ಮದು. ಚೀಟಿ ಹೇಗಿರಬೇಕೆಂಬ ನಿಯಮಗಳನ್ನು ಬರೆದವನು ನಾನು. ಅವುಗಳಂತೆ ಚೀಟಿಯನ್ನು ಬಿಡಿಸಿ ಓದುವ ಪಾರ್ಸರ್ ಎಂಬ ಭಾಗ ಬರೆದವಳು ಉಡುಪಿ ಕಡೆಯ ಸುಧಾ. ಸೋಮವಾರ ಆಸ್ಪತ್ರೆಯವರಿಗೆ ತೋರಿಸಬೇಕಿತ್ತು. ಶುಕ್ರವಾರ ಎರಡನ್ನೂ ಜೋಡಿಸಿದರೆ, ಒಂದೇ ಔಷಧಿಯ ಚೀಟಿ ಕೊಟ್ಟರೂ ಒಂದಕ್ಷರ ಓದದೆ ಪ್ರೋಗ್ರಾಂ ಕುಸಿಯಿತು.

"ಏನು ಕೈ ಆಡಿಸೀರಿ ಇದರಾಗ?" ಎಂದೆ.

"ನಿಮ್ಮ ನಿಯಮ ಇದ್ದ ಹಾಗೆಯೇ ಬರೆದದ್ದು ಸಾರ್. ಒಮ್ಮೆ ಅದನ್ನೂ ನೋಡಿ."

"ನನ್ನ ನಿಯಮ ಮೂರು ಸಲ ತಪಾಸ ಮಾಡೇನಿ."

ಆಕೆ ಬೇರೆಡೆ ಅರ್ಜಿ ಹಾಕಿದ್ದಾಳೆಂದು ಕೇಳಿದ್ದೆ. ಬೇಕೆಂದೇ ಕೆಡಿಸಿದ್ದಾಳೆ ಎಂದು ಸಾಹೇಬರಿಗೆ ದೂರು ಬರೆದು ಚೀಲದಲ್ಲಿಟ್ಟೆ. "ತಪ್ಪಿತಸ್ಥರನ್ನು ತೋರಿಸಪ್ಪ" ಎಂದು ಮಾರುತಿಯನ್ನು ಬೇಡಿಕೊಂಡೆ.

ಶನಿವಾರ ಬೆಳಗ್ಗೆ ಆರಕ್ಕೆ ಸರಿಯಾಗಿ ಮಾರುತಿಯ ಗುಡಿಯಲ್ಲಿದ್ದೆ. ಅಲ್ಲಿ ಎಕ್ಕೆ ಎಲೆಯ ಮಾಲೆ ಒಂದೇ. ಬಂದವರೆಲ್ಲ ಅದಕ್ಕೇ ತಮ್ಮ ಎಲೆ ಕಟ್ಟುವುದು ರೂಢಿ. ಅಂದು ಮಾಲೆಯೇ ಇರಲಿಲ್ಲ. ಎಲೆ ಹಿಡಿದು ಕೂತೆ. ಆಮೇಲೆ ಬಂದವರೂ "ಮಾಳ ಕುಠೆ ಆಹೆ?" ಎಂದು ಮರಾಠಿಯಲ್ಲಿ ಮಾಲೆ ಎಲ್ಲೆಂದು ಕೇಳಿ, ಕೂತರು. ಹತ್ತು ಮಂದಿಯಾದೆವು. ಯಾರೋ ಒಯ್ದಿದ್ದಾರೆಂದು ನಾನು ಪಕ್ಕದವರ ಚೀಲಗಳ ಮೇಲೆ ಕಣ್ಣಿಟ್ಟಿದ್ದೆ.

ಬಹಳ ಹೊತ್ತಿನ ಮೇಲೆ ಬಾಗಲಕೋಟೆ ಕಡೆಯ ಗಂಗಕ್ಕ ಬಂದರು. "ಅಯ್ಯ, ಎಲಿ ಹಿಡಕೊಂಡು ಮಾಲಿ ಹಾದಿ ಕಾಯಾಕತ್ತೀರಲ್ರಿ! ಮೊದಲನೇ ಎಲಿ ಕಟ್ಟಾಕಿ ನಾ. ನಾ ಬರಲಿಲ್ಲಂದ್ರ ಹನುಮಪ್ಪಗ ಮಾಲಿನ ಇಲ್ಲೇನು? ಒಂದು ಎಲಿ ಗಂಟು ಹಾಕ್ರಿ, ಆಮ್ಯಾಲ ಒಂದರ ಹಿಂದ ಒಂದು ಬರ್ತಾವ." ನನ್ನ ಕೈಯ ಎಲೆ ಕಸಿದು ದಾರಕ್ಕೆ ಕಟ್ಟಿದರು.

ಆಗಲೇ ಹೊಳೆಯಿತು. ನಾನು ಬರೆದ ನಿಯಮವೂ ಎಲೆ ಹಿಡಿದು ಮಾಲೆಗಾಗಿ ಕಾದ ನಮ್ಮ ಹಾಗೆಯೇ ಇತ್ತು: ಔಷಧಿಪಟ್ಟಿ ಎಂದರೆ ಒಂದು ಔಷಧಿಪಟ್ಟಿ, ಅಲ್ಪವಿರಾಮ, ಮತ್ತೊಂದು ಔಷಧಿ, ಇಲ್ಲವೇ ಒಂದೇ ಔಷಧಿ. ಪಾರ್ಸರ್ ಪಟ್ಟಿಯನ್ನು ಓದಲು ಮೊದಲು ಪಟ್ಟಿಯನ್ನೇ ಹುಡುಕುತ್ತಿತ್ತು, ಅದಕ್ಕಾಗಿ ಮತ್ತೆ ಪಟ್ಟಿಯನ್ನು. ಒಂದು ಔಷಧಿಯನ್ನೂ ಮುಟ್ಟದೆ ಇಳಿದಿಳಿದು ಕುಸಿಯುತ್ತಿತ್ತು. ತಪ್ಪಿತಸ್ಥ ನಾನೇ.

ಬಸ್ಸು ಹಿಡಿದು ನೇರ ಖರಾಡಿಗೆ ಹೋದೆ. ನಿಯಮ ತಿದ್ದಿದೆ: ಮೊದಲು ಒಂದು ಔಷಧಿ, ಆಮೇಲೆ ಅಲ್ಪವಿರಾಮ ಕಂಡಷ್ಟು ಸಲ ಇನ್ನೊಂದು. ಸುಧಾ ಪಾರ್ಸರಿನ ಆ ಭಾಗವನ್ನು ಬದಲಿಸಿದಳು. ಪ್ರೋಗ್ರಾಂ ಚೀಟಿ ಓದಿತು. ನಂಬಿಕೆಯಾಗದೆ ಹನ್ನೊಂದು ಔಷಧಿಯ ಚೀಟಿ ಕೊಟ್ಟೆ. ಅದನ್ನೂ ಓದಿತು.

ದೂರಿನ ಕಾಗದವನ್ನು ಆಕೆಯ ಕೈಗೇ ಕೊಟ್ಟು ಕ್ಷಮೆ ಕೇಳಿದೆ. ಪೂರ್ತಿ ಓದಿ, "ಅಕ್ಷರ ಮಾತ್ರ ಭಾರಿ ಚಂದ ಸಾರ್" ಎಂದು ಹರಿದು ಹಾಕಿದಳು.

ಮುಂದಿನ ಶನಿವಾರ ಗಂಗಕ್ಕನನ್ನು ವಿಚಾರಿಸಿದೆ: "ಅವತ್ತ ಯಾಕ ತಡಾ ಆತ್ರಿ?"

"ಬಸ್ಸು ಕೆಟ್ಟು ನಿಂತಿತ್ರಿ. ಇಷ್ಟು ವರ್ಷದಾಗ ಅದೊಂದ ಸಲ."

ಅದು ಯಾರ ಕೈವಾಡವೆಂದು ನನಗೆ ಗೊತ್ತು. ಆತನ ಪಾದಕ್ಕೆ ಅನಂತ ನಮಸ್ಕಾರ.