ಮೂತ್ರದಲ್ಲಿ ಎರಡು ಪ್ಲಸ್

ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಹನ್ನೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಅದು ನನ್ನ ಸ್ವಂತ ಕಾಯಿಲೆಯಾಗಿತ್ತು. ಬೆಳಿಗ್ಗೆ ಎರಡು ಗುಳಿಗೆ, ರಾತ್ರಿ ಒಂದು, ನಡುವೆ ಹೆಂಡತಿಯ ಬೈಗುಳ ಹೊತ್ತುಗೊತ್ತಿಲ್ಲದೆ. ಅವಳಿಗೆ ಆಸ್ಟ್ರೇಲಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ ದಿನದಿಂದ ಅದು ಮನೆಮಂದಿಗೆಲ್ಲ ಸೇರಿದ ಕಾಯಿಲೆಯಾಯಿತು.

ನಾವು ಉಡುಪಿ ಕಡೆಯವರು. ದೆಹಲಿಯ ಮುನಿರ್ಕಾದಲ್ಲಿ ನನ್ನ ಅಣ್ಣನ ಹೋಟೆಲು. ಗಲ್ಲಾದಲ್ಲಿ ಅವನು, ಒಲೆಯ ಮುಂದೆ ನಾನು, ಇಪ್ಪತ್ತಮೂರು ವರ್ಷದಿಂದ ಹಾಗೆಯೇ. ಹೆಂಡತಿ ಗುರುಗ್ರಾಮದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕಿಡ್ನಿ ವಾರ್ಡಿನ ನರ್ಸು. ಡಯಾಲಿಸಿಸ್ಸಿಗೆ ಬರುವವರಲ್ಲಿ ಎಷ್ಟೋ ಮಂದಿ ನನ್ನ ಹಾಗೆ ಸಕ್ಕರೆಯನ್ನು ಸಸಾರ ಮಾಡಿದವರು ಎಂದು ಅವಳು ಸರಿಯಾಗಿ ಊಟದ ಹೊತ್ತಿಗೇ ಹೇಳುವುದು. ಮದುವೆಯಾಗಿ ಹದಿನೇಳು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ.

ವೀಸಾದ ಏಜೆಂಟ್ ನೆಹರೂ ಪ್ಲೇಸಿನಲ್ಲಿ ಕೂರುತ್ತಿದ್ದ. ನಾನು, ಹೆಂಡತಿ, ಮಗಳು ಮೂವರನ್ನೂ ಎದುರಿಗೆ ಕೂರಿಸಿಕೊಂಡು, ಸಕ್ಕರೆ ಕಾಯಿಲೆ ಇದೆ ಅಂದಮಾತ್ರಕ್ಕೆ ತೊಂದರೆಯಿಲ್ಲ, ಮುಚ್ಚಿಡಬೇಡಿ, ಆದರೆ ಅದು ಕಿಡ್ನಿಗೆ ಇಳಿದಿದ್ದರೆ ಮಾತ್ರ ಕಷ್ಟ ಎಂದ. ಮುಂದೆ ನಿಮ್ಮ ಚಿಕಿತ್ಸೆಗೆ ತಮ್ಮ ಸರಕಾರಕ್ಕೆ ಎಷ್ಟು ಖರ್ಚು ಬೀಳಬಹುದೆಂದು ಆಸ್ಟ್ರೇಲಿಯಾದವರು ಅಂದಾಜು ಮಾಡುತ್ತಾರಂತೆ. ಅದು ಹೆಚ್ಚೆಂದು ಕಂಡರೆ ವೀಸಾ ಇಲ್ಲ. ನನಗೆ ಮಾತ್ರವಲ್ಲ, ಮೂವರಿಗೂ ಇಲ್ಲ. ಒಬ್ಬರು ಫೇಲಾದರೆ ಮನೆಯವರೆಲ್ಲ ಫೇಲು. ಹೆಂಡತಿ ಈ ಕೆಲಸಕ್ಕಾಗಿ ಇಂಗ್ಲಿಷ್ ಪರೀಕ್ಷೆಯನ್ನು ಮೂರು ಸಲ ಬರೆದವಳು. ನೈಟ್ ಡ್ಯೂಟಿ ಮುಗಿಸಿ ಬಂದು, ಕಣ್ಣು ಕೆಂಪಗಿಟ್ಟುಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟು ಓದಿದವಳು. ಅದೆಲ್ಲ ಈಗ ನನ್ನ ಒಂದು ಲೋಟ ಮೂತ್ರಕ್ಕೆ ಬಂದು ನಿಂತಿತ್ತು. 

ಮೊಬೈಲಿನಲ್ಲಿ ಅರ್ಜಿ ತುಂಬಿದ್ದು ಮಗಳು. ಅವಳು ಹತ್ತನೇ ಕ್ಲಾಸು, ದೆಹಲಿಯಲ್ಲೇ ಹುಟ್ಟಿದವಳು. ನನ್ನ ಹೆಸರಿನ ಮುಂದೆ ಏನೋ ಒತ್ತುತ್ತಿದ್ದುದನ್ನು ಕಂಡು ಅದೇನೆಂದು ಕೇಳಿದೆ.

“ಡಿಪೆಂಡೆಂಟ್, ಪಪ್ಪಾ. ಮತ್‌ಲಬ್ ನೀವು ಮಮ್ಮಿ ಮೇಲೆ ಡಿಪೆಂಡ್.”

ಅವಳು ನಕ್ಕಳು, ನಾನೂ ನಕ್ಕೆ. ಆದರೆ ಆ ಮಾತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಒಲೆಯ ಮುಂದೆ ನನಗೆ ಹೀಗೆ ಮಾಡು ಎಂದು ಹೇಳುವವರು ಯಾರೂ ಇಲ್ಲ. ಅಣ್ಣ ಕೂಡ ಹೇಳುವುದಿಲ್ಲ. ಹಿಂದಿಯನ್ನು ಹೇಗೋ ಕಲಿತು ಈ ಊರನ್ನು ಗೆದ್ದಿದ್ದೇನೆ. ನಲವತ್ತೇಳನೇ ವಯಸ್ಸಿನಲ್ಲಿ ಇನ್ನೊಂದು ಊರಿಗೆ ಹೋಗಿ, ಬಸ್ಸಿನ ನಂಬರಿಗೂ ಮಗಳ ಮುಖ ನೋಡುವುದೆಂದರೆ ಏನೆಂದು ಯೋಚಿಸಿದೆ. ಯೋಚಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ವೈದ್ಯಕೀಯ ಪರೀಕ್ಷೆಗೆ ಮೂರು ತಿಂಗಳಿತ್ತು. ರಕ್ತದಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಗೊತ್ತಾಗುತ್ತದಂತೆ, ಹಿಂದಿನ ದಿನ ಉಪವಾಸ ಮಾಡಿ ಮೋಸ ಮಾಡುವ ಹಾಗಿಲ್ಲ. ಹೆಂಡತಿ ನನ್ನನ್ನು ವಾರ್ಡಿನ ರೋಗಿಯಂತೆ ಹಿಡಿದು ಕೂರಿಸಿ, ದಿನಕ್ಕೆ ಎಷ್ಟು ಸಲ ರುಚಿ ನೋಡುತ್ತೀರಿ ಎಂದು ಕೇಳಿದಳು. ನಾನು ಒಂದೈದು ಸಲ ಎಂದೆ. ಅವಳು ನಂಬಲಿಲ್ಲ. ನಮ್ಮ ಸಾಂಬಾರಿಗೆ ಬೆಲ್ಲ ಬೀಳುತ್ತದೆ, ಶೀರಾ ಇದೆ, ಶನಿವಾರ ಭಾನುವಾರ ಪಾಯಸ. ಎಲ್ಲವನ್ನೂ ಅಂಗೈಗೆ ಹಾಕಿ ನೆಕ್ಕಿ ನೋಡುವವನು ನಾನು.

“ನಾಲಿಗೆಗೆ ಮುಟ್ಟಿಸಿ, ಮತ್ತೆ ಉಗುಳಿ,” ಎಂದಳು.

“ಮಾಡಿದ ಅಡುಗೆಯನ್ನು ಉಗುಳುವುದಾ? ನಿನಗೆ ತಲೆ ಸರಿ ಉಂಟಾ?”

ಆದರೂ ಉಗುಳಿದೆ. ಪ್ರತಿ ಸಲ ಹಿಂದಿನ ವಾಶ್‌ಬೇಸಿನ್ನಿಗೆ ಹೋಗಿ ಬರುತ್ತಿದ್ದೆ. ಅಣ್ಣ ಎರಡು ದಿನ ನೋಡಿ, ಮೂರನೇ ದಿನ ಗಲ್ಲಾ ಬಿಟ್ಟು ಒಳಗೆ ಬಂದು, “ಎಂತದು ಮಾರಾಯ, ಸಾಂಬಾರು ಅಷ್ಟು ಹಾಳಾಗಿದೆಯಾ?” ಎಂದ. ವಿಷಯ ಹೇಳಿದ ಮೇಲೆ ಗಲ್ಲಾಕ್ಕೆ ಮರಳಿದ. ಮೂರು ತಿಂಗಳಲ್ಲಿ ನನ್ನ ತೂಕ ಆರು ಕಿಲೋ ಇಳಿಯಿತು. ಸಕ್ಕರೆಯೂ ಇಳಿಯಿತು. ಹೆಂಡತಿಯ ಮುಖದಲ್ಲಿ ನಗು ಕಂಡಾಗಲೆಲ್ಲ ನನಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಅಳುಕು.

ಪರೀಕ್ಷೆ ಮೇ ತಿಂಗಳ ಒಂದು ಸೋಮವಾರ. ಹಿಂದಿನ ದಿನ ಹೋಟೆಲಿಗೆ ಹೋಗಲೇಬಾರದು ಎಂದು ಹೆಂಡತಿ ಆಜ್ಞೆ ಮಾಡಿದಳು. ಹೆಚ್ಚು ದಣಿದು, ನೀರು ಕುಡಿಯದೆ ಇದ್ದರೆ ಒಳ್ಳೆಯ ಕಿಡ್ನಿಯವರಿಗೂ ಮೂತ್ರದಲ್ಲಿ ಪ್ರೋಟೀನ್ ಬರುತ್ತದಂತೆ. ಪ್ರೋಟೀನ್ ಬಂದರೆ ಕಿಡ್ನಿಯ ಮೇಲೆ ಅನುಮಾನ, ಅನುಮಾನ ಬಂದರೆ ನಮ್ಮ ಕತೆ ಮುಗಿಯಿತು. ಇದನ್ನು ಅವಳು ಮೂರು ಸಲ ಹೇಳಿ, ನನ್ನ ಬಾಯಿಂದಲೂ ಒಂದು ಸಲ ಹೇಳಿಸಿ ಡ್ಯೂಟಿಗೆ ಹೋದಳು.

ಅವಳು ಅತ್ತ ಹೋದಳು, ನಾನು ಇತ್ತ ಹೋಟೆಲಿಗೆ ಹೋದೆ. ಹಿಟ್ಟು ಒಂದು ನೋಡಿಕೊಂಡು ಬರುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಅಣ್ಣ ನನ್ನ ಬದಲಿಗೆ ಒಬ್ಬ ಅಡುಗೆಯವನನ್ನು ಕರೆಸಿದ್ದ, ಹೋಗು ಎಂದು ಎರಡು ಸಲ ಹೇಳಿದ ಕೂಡ. ಆದರೆ ಭಾನುವಾರ ಆ ಹೋಟೆಲಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಹತ್ತಿರದ ಹಾಸ್ಟೆಲ್ಲಿನ ಹುಡುಗ ಹುಡುಗಿಯರೆಲ್ಲ ಹನ್ನೊಂದು ಗಂಟೆಗೆ ಎದ್ದು ನೇರ ನಮ್ಮಲ್ಲಿಗೇ ಬರುತ್ತಾರೆ. ಬದಲಿಯವನು ದೋಸೆ ಹುಯ್ಯುವುದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅವನನ್ನು ಸರಿಸಿ ಕಾವಲಿಯ ಮುಂದೆ ನಿಂತೆ. ರಜೆ ಹಾಕುವ ಮುಂಚೆ ಮರುದಿನದ ಕೆಲಸ ಮುಗಿಸಿಡುವುದು ನಮ್ಮ ಹೋಟೆಲಿನವರ ಹಳೆಯ ಕ್ರಮ, ಹಾಗಾಗಿ ಅದನ್ನೂ ಹಚ್ಚಿಕೊಂಡೆ. ಸಾಂಬಾರಿನ ದೊಡ್ಡ ಪಾತ್ರೆ ನಾನೇ ಇಳಿಸಿದೆ, ಗ್ರೈಂಡರಿನ ಕಲ್ಲು ನಾನೇ ಎತ್ತಿ ತೊಳೆದೆ. ಹೊರಗೆ ಬಿಸಿಗಾಳಿ, ಒಳಗೆ ಮೂರು ಒಲೆ. ಇಡೀ ದಿನ ಕುಡಿದದ್ದು ಎರಡು ಲೋಟ ನೀರಿರಬಹುದು. ರಾತ್ರಿ ಹೆಂಡತಿ ಡ್ಯೂಟಿಯಿಂದ ಬರುವ ಮುಂಚೆ ಮನೆ ಸೇರಿದೆ. ಸೋಮವಾರ ನಸುಕಿನಲ್ಲಿ ಮತ್ತೆ ಹೋಗಿ ಪಲ್ಯ, ಚಟ್ನಿ ಮುಗಿಸಿ ಬಂದು, ವಾಕಿಂಗ್ ಹೋಗಿದ್ದೆ ಎಂದು ಹೆಂಡತಿಗೆ ಹಸಿ ಸುಳ್ಳು ಹೇಳಿದೆ.

ಪರೀಕ್ಷೆಯ ಜಾಗದಲ್ಲಿ ಮೊದಲು ಪಾಸ್‌ಪೋರ್ಟ್ ನೋಡಿದರು, ಫೋಟೋ ತೆಗೆದರು. ಎತ್ತರ, ತೂಕ, ಕಣ್ಣು, ರಕ್ತದೊತ್ತಡ. ರಕ್ತದೊತ್ತಡ ನೋಡುವವಳು ಎರಡು ಸಲ ಪಟ್ಟಿ ಸುತ್ತಿ, “ಟೆನ್ಶನ್ ಮತ್ ಲೀಜಿಯೇ,” ಎಂದಳು. ಹಾಗೆ ಹೇಳಿದರೆ ಇದ್ದ ಟೆನ್ಶನ್ ಎರಡರಷ್ಟಾಗುತ್ತದೆ ಎಂದು ಇವರಿಗೆ ಯಾರೂ ಕಲಿಸಿರುವುದಿಲ್ಲ. ಆಮೇಲೆ ಕೈಗೆ ಒಂದು ಪ್ಲಾಸ್ಟಿಕ್ ಲೋಟ ಕೊಟ್ಟರು. ಬಾತ್‌ರೂಮಿನಲ್ಲಿ ಬಹಳ ಹೊತ್ತು ಕಾದರೂ ಬಂದದ್ದು ನಾಲ್ಕು ಚಮಚ. ಬಣ್ಣ ನೋಡಿದೆ. ಚಹಾದ ಬಣ್ಣ. ಆಗಲೇ ನನಗೆ ಗೊತ್ತಾಯಿತು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಎದೆ, ಬೆನ್ನು, ಕಾಲಿನ ಬೆರಳು ಎಲ್ಲ ನೋಡಿ, ಕಾಗದದ ಕಡೆ ತಿರುಗಿದರು. “ಯೂರಿನ್ ಮೇ ಪ್ರೋಟೀನ್ ಹೈ. ಟೂ ಪ್ಲಸ್.” ಅಂದರೆ ಹೆಚ್ಚೇ ಇದೆ ಎಂದು. ಹತ್ತು ದಿನ ಬಿಟ್ಟು ಮತ್ತೆ ಮೂತ್ರ ಕೊಡಬೇಕು, ಜೊತೆಗೆ ಕಿಡ್ನಿ ತಜ್ಞರ ವರದಿ ತರಬೇಕು ಎಂದರು.  ಪಕ್ಕದಲ್ಲಿ ಕೂತಿದ್ದ ಹೆಂಡತಿ ನೋಡುತ್ತಿದ್ದದ್ದು ನನ್ನ ಕೈಯನ್ನು. ಮೊಣಕೈ ಹತ್ತಿರ ಕಾವಲಿ ತಾಗಿದ ಹೊಸ ಸುಟ್ಟ ಗಾಯವಿತ್ತು.

ಆಟೋದಲ್ಲಿ ಮಗಳನ್ನು ಅಂಚಿಗೆ ಕೂರಿಸಿ, ನನ್ನ ಪಕ್ಕ ಹೆಂಡತಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು.

“ನಿನ್ನೆ ಹೋಟೆಲಿಗೆ ಹೋಗಿದ್ರಾ?”

“ಹೋಗಿದ್ದೆ.”

“ಇವತ್ತು ಬೆಳಿಗ್ಗೆಯೂ?”

ನಾನು ಮಡಚಿದ್ದ ಅಂಗಿಯ ತೋಳನ್ನು ಗಾಯದ ಮೇಲೆ ಎಳೆದುಕೊಂಡೆ.

“ಒಂದು ನಿಜ ಹೇಳಿ. ನಿಮಗೆ ಬರ್ಲಿಕ್ಕೆ ಮನಸ್ಸಿಲ್ಲ, ಅಲ್ವಾ?”

ನನಗೆ ಎಲ್ಲಿತ್ತೋ ಸಿಟ್ಟು. ಮೂರು ತಿಂಗಳು ಬಾಯಿ ಕಟ್ಟಿದ್ದು ಯಾರಿಗಾಗಿ ಎಂದೆ, ಹೋಟೆಲನ್ನು ಬೀದಿಗೆ ಬಿಟ್ಟು ಬರಬೇಕಿತ್ತಾ ಎಂದೆ. ಎಷ್ಟು ದೊಡ್ಡ ಗಂಟಲಿನಲ್ಲಿ ಹೇಳಿದೆನೆಂದರೆ ಕನ್ನಡ ಬಾರದ ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವಳು ಮಗಳ ಕಡೆಗೆ ತಿರುಗಿ ಕೂತಳು.

ಆ ಹತ್ತು ದಿನ ನಾನು ಮನೆಯಲ್ಲೇ ಇದ್ದೆ. ಆಗಾಗ ನೀರು ಕುಡಿಯುವುದು, ಬಾತ್‌ರೂಮಿಗೆ ಹೋಗಿ ಬಣ್ಣ ನೋಡುವುದು, ಬಂದು ಫ್ಯಾನಿನ ಕೆಳಗೆ ಕೂರುವುದು. ತಜ್ಞರು ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು, ವರದಿಯನ್ನು ಲಕೋಟೆಯಲ್ಲಿ ಅಂಟಿಸಿ ಕೊಟ್ಟರು. ಅದರಲ್ಲೇನಿದೆಯೋ ಗೊತ್ತಿಲ್ಲ. ಹೆಂಡತಿ ಊಟ ಬಡಿಸುತ್ತಿದ್ದಳು, ಗುಳಿಗೆ ಕೊಡುತ್ತಿದ್ದಳು, ಬೈಯುತ್ತಿರಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಎಂಟನೇ ದಿನ ಅವಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಗ ತಡೆಯಲಾಗಲಿಲ್ಲ.

“ನನ್ನ ಹೆಸರು ತೆಗೆಸು. ನೀವಿಬ್ಬರು ಹೋಗಿ,” ಎಂದೆ.

“ಕೇಳಿದೆ ಏಜೆಂಟನ ಹತ್ರ. ಬಾರದಿದ್ದರೂ ಪರೀಕ್ಷೆ ಆಗ್ಲೇಬೇಕಂತೆ. ಗಂಡ ಅಂತ ಇದ್ದರೆ ಸಾಕು.”

ಅವಳು ಕೇಳಿಯೂ ಬಿಟ್ಟಿದ್ದಾಳೆ ಎನ್ನುವುದು ನನಗೆ ಚುಚ್ಚಿತು. ಚುಚ್ಚಿದ ನೋವಿಗೆ ಬಾಯಿ ಜಾರಿತು. “ಹಾಗಾದರೆ ಗಂಡ ಅಂತ ಇಲ್ಲದ ಹಾಗೆ ಮಾಡುವ. ಕಾಗದದಲ್ಲಿ ಮಾತ್ರ.”

ಒಳಗಿನ ಕೋಣೆಯಿಂದ ಮಗಳು, “ಪಾಗಲ್ ಹೋ ಗಯೇ ಹೋ ಕ್ಯಾ, ಪಪ್ಪಾ?” ಎಂದಳು. ಅಪ್ಪನಿಗೆ ಹುಚ್ಚು ಹಿಡಿಯಿತಾ ಎಂದು ಕೇಳಬಾರದು ಎಂದು ಬೈಯಲು ನನಗೆ ಮುಖವಿರಲಿಲ್ಲ. ಹೆಂಡತಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು.

“ಮಧ್ಯಾಹ್ನದ ನೀರು ಕುಡಿದ್ರಾ?”

“ಕುಡಿದೆ.”

“ಮತ್ತೆ ಸುಮ್ಮನೆ ಕೂತ್ಕೊಳ್ಳಿ.”

ಹತ್ತನೇ ದಿನ ಬೆಳಿಗ್ಗೆ ಅದೇ ಲೋಟ, ಅದೇ ಬಾತ್‌ರೂಮು. ಈ ಸಲ ನೀರಿನ ಬಣ್ಣ. ಡಾಕ್ಟರು ಲಕೋಟೆ ಒಡೆದು ಓದಿ, ಹಿಂದಿನ ಸಲ ಬರುವ ಮುಂಚಿನ ದಿನ ಏನು ಮಾಡುತ್ತಿದ್ದಿರಿ ಎಂದು ಹಿಂದಿಯಲ್ಲಿ ಕೇಳಿದರು. ಬೆಳಿಗ್ಗೆಯಿಂದ ರಾತ್ರಿವರೆಗೆ ಒಲೆಯ ಮುಂದೆ ನಿಂತಿದ್ದೆ ಎಂದೆ. ನೀರು ಕುಡಿದಿರಾ ಎಂದರು. ಇಲ್ಲ ಎಂದೆ. ಅವರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡರು. ಪ್ರೋಟೀನ್ ಇಲ್ಲ, ನಾವು ಎಲ್ಲ ಕಳಿಸುತ್ತೇವೆ, ತೀರ್ಮಾನ ಅಲ್ಲಿನವರದು ಎಂದರು.

ಮತ್ತೆ ಮೂರು ವಾರ. ಫಲಿತಾಂಶ ಬಂತೇ ಎಂದು ಮಗಳು ದಿನಕ್ಕೆ ನಾಲ್ಕು ಸಲ ಮೊಬೈಲಿನಲ್ಲಿ ನೋಡುತ್ತಿದ್ದಳು. ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದೆ. ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವಳು ಓಡಿ ಬಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. “ಕ್ಲಿಯರ್ ಹೋ ಗಯಾ, ಪಪ್ಪಾ. ಮೂರೂ ಜನ.” ಆಗಷ್ಟೇ ಡ್ಯೂಟಿಯಿಂದ ಬಂದಿದ್ದ ಹೆಂಡತಿ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಗೋಡೆಗೆ ಒರಗಿ, ಮುಖ ಮುಚ್ಚಿಕೊಳ್ಳದೆ, ಶಬ್ದ ಮಾಡಿ ಅತ್ತಳು. ಅವಳ ತಂದೆ ತೀರಿಕೊಂಡಾಗಲೂ ಅವಳು ನನ್ನೆದುರು ಹಾಗೆ ಅತ್ತಿರಲಿಲ್ಲ.

ನನಗೆ ಖುಷಿಯಾಗಲಿಲ್ಲ.  ಇನ್ನು ಯಾವ ಡಾಕ್ಟರೂ ನನ್ನನ್ನು ತಡೆಯುವುದಿಲ್ಲ ಎಂದು ಮನಸ್ಸಿಗೆ ಬಂತು, ಬಂದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಗಳು ದೊಡ್ಡಪ್ಪನಿಗೆ ಫೋನ್ ಮಾಡುತ್ತೇನೆಂದು ಹೊರಗೆ ಹೋದಳು. ನಾನು ಹೆಂಡತಿಯ ಪಕ್ಕ ನೆಲದ ಮೇಲೆ ಕೂತೆ.

“ನೀನು ಆಟೋದಲ್ಲಿ ಕೇಳಿದ್ದು ಸುಳ್ಳಲ್ಲ,” ಎಂದೆ.

“ಗೊತ್ತುಂಟು.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ನೀವಾಗಿ ಹೇಳ್ಲಿ ಅಂತ.” ದುಪಟ್ಟಾ ಇರದ ಯೂನಿಫಾರ್ಮಿನ ತೋಳಿಗೇ ಮೂಗು ಒರೆಸಿಕೊಂಡಳು. “ಈಗ ಹೇಳಿ. ಬರ್ತೀರಾ, ಇಲ್ವಾ?”

ಇಪ್ಪತ್ತಮೂರು ವರ್ಷ ನಾನು ಯಾರಿಗೂ ಹೇಳದ ಮಾತು ಬಾಯಿಗೆ ಬಂತು. “ಹೆದರಿಕೆ ಆಗ್ತದೆ ಮಾರಾಯ್ತಿ. ಅಲ್ಲಿ ನಾನು ಯಾರೂ ಅಲ್ಲ. ಆದರೆ ಬರ್ತೇನೆ.”

ಅವಳು ನನ್ನ ಕೈ ತಿರುಗಿಸಿ ಮೊಣಕೈ ಹತ್ತಿರದ ಸುಟ್ಟ ಕಲೆ ನೋಡಿದಳು.

“ಇಷ್ಟು ಹೇಳ್ಲಿಕ್ಕೆ ಕಿಡ್ನಿ ಹಾಳು ಮಾಡಿಕೊಳ್ಬೇಕಿತ್ತಾ?”