ಮಳೆ ತೊಳೆಯದ ಅರಿಶಿನ

ಮೊನ್ನೆ ಶನಿವಾರ ಬೆಳಿಗ್ಗೆ ತಲೆಗೆ ಬಣ್ಣ ಹಚ್ಚಿಕೊಳ್ಳಲು ಕೂತೆ. ಪರ್ತ್‌ಗೆ ಬಂದ ಮೇಲೆ ನನ್ನ ಕೂದಲು ಬೆಳ್ಳಗಾಗುವ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದೆ. ನಾನೂ ಅಷ್ಟೇ ಶ್ರದ್ಧೆಯಿಂದ ಮುಚ್ಚಿಡುತ್ತಿದ್ದೇನೆ. ಯಾವಾಗಲೂ ತರುವ ಡಬ್ಬಿ ಅಂಗಡಿಯಲ್ಲಿ ಮುಗಿದಿತ್ತೆಂದು ಬೇರೆ ಯಾವುದನ್ನೋ ತಂದಿದ್ದೆ. ಟ್ಯೂಬಿನ ಮುಚ್ಚಳ ತಿರುಗಿಸಿದ್ದೇ ತಡ, ಘಾಟು ಮೂಗಿಗೆ ಹೊಡೆಯಿತು. ಅಮೋನಿಯಾ... ಬ್ರಷ್ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಹದಿಮೂರು ವರ್ಷದ ಹಿಂದಿನ ಒಂದು ಇಳಿಜಾರು ನೆಲ, ಒದ್ದೆ ಹುಲ್ಲು, ಅತ್ತು ಅತ್ತು ನಿದ್ದೆ ಹೋಗಿದ್ದ ಆರು ವರ್ಷದ ಮಗಳು, ಎಲ್ಲ ನೆನಪಾಯಿತು. ಅವುಗಳ ಹಿಂದೆಯೇ ಅಂಕಲ್ ಬಂದರು.

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಅವರದು ನಮ್ಮ ಎದುರು ಮನೆ. ಅಲ್ಲಿ ವಯಸ್ಸಾದ ಕನ್ನಡದವರೆಲ್ಲ ನಮಗೆ ಅಂಕಲ್ಲೇ, ಆದರೆ ಬರೀ ‘ಅಂಕಲ್’ ಅಂದರೆ ನಮ್ಮ ಮನೆಯಲ್ಲಿ ಅವರೊಬ್ಬರೇ. ಉಡುಪಿ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಮಲ್ಪೆಯಲ್ಲಿ ಮೀನಿಗೆ ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟಿನಲ್ಲಿ ಕೆಲಸ, ಆಮೇಲೆ ಹಡಗುಗಳ ಶೀತಲ ಕೋಣೆಗಳಲ್ಲಿ. ನಾವು ಕಂಡಾಗ ಹತ್ತಿರದ ಇಪ್ಸ್‌ವಿಚ್‌ನ ಒಂದು ಶೆಡ್ಡಿನಲ್ಲಿ ಕ್ಯಾರವಾನು, ಮೋಟರ್‌ಹೋಮುಗಳ ಫ್ರಿಜ್ ರಿಪೇರಿ ಮಾಡುತ್ತಿದ್ದರು. ಸುತ್ತಮುತ್ತಲಿನ ಸಾಫ್ಟ್‌ವೇರ್ ಜನ ಅವರನ್ನು ಕಂಡರೆ ಸ್ವಲ್ಪ ಹಿಂದೆ ಸರಿಯುತ್ತಿದ್ದರು, ಸುಳ್ಳು ಯಾಕೆ ಹೇಳಲಿ, ನಾನೂ ಅದರಲ್ಲಿ ಒಬ್ಬಳು. ಯಾರದೇ ಮನೆಯಲ್ಲಿ ಬಾರ್ಬಿ, ಅಂದರೆ ಅಂಗಳದಲ್ಲಿ ಗ್ಯಾಸ್ ಒಲೆಯ ಮೇಲೆ ಸುಟ್ಟು ತಿನ್ನುವ ಕೂಟ, ಇಟ್ಟುಕೊಂಡಿದ್ದರೂ ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ ಇವರು ಗ್ಯಾಸ್ ಸಿಲಿಂಡರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ರಬ್ಬರ್ ಪೈಪು ಬಗ್ಗಿಸಿ ನೋಡುತ್ತಿದ್ದರು.

ಒಮ್ಮೆ ಊಟಕ್ಕೆ ಕರೆದಿದ್ದೆ. ಅವತ್ತು ನನ್ನ ಗ್ರಹಚಾರ, ಹುಳಿ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ನಮ್ಮವರು ಮೊದಲ ತುತ್ತಿಗೇ ಮುಖ ಕಿವುಚಿದರು. ಅಂಕಲ್ ಮಾತ್ರ ಎರಡು ಸಲ ಹಾಕಿಸಿಕೊಂಡು, ‘ಲಾಯ್ಕ್ ಆಗಿದೆ’ ಅಂದರು. ಎಂಥ ದೊಡ್ಡ ಮನಸ್ಸು ಇವರದು ಅಂದುಕೊಂಡೆ. ವಿಷಯ ಅದಲ್ಲ ಅಂತ ತಿಳಿಯಲು ಬಹಳ ವರ್ಷ ಬೇಕಾಯಿತು.

ನಮ್ಮವರಿಗೆ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ವಿಮಾನದಲ್ಲಿ ಹೋಗಿ ಇಳಿಯಬಹುದಿತ್ತು. ಆದರೆ ಈ ಮನುಷ್ಯನಿಗೆ ಇದ್ದಕ್ಕಿದ್ದ ಹಾಗೆ ದೇಶ ನೋಡುವ ಹುಚ್ಚು ಹತ್ತಿ, ಒಂದು ಹಳೆಯ ಮೋಟರ್‌ಹೋಮ್ ತಂದು ಬಾಗಿಲಲ್ಲಿ ನಿಲ್ಲಿಸಿದರು. ಒಲೆ, ಹಾಸಿಗೆ, ಫ್ರಿಜ್ ಎಲ್ಲ ಒಳಗೇ ಇರುವ ಉದ್ದನೆಯ ಗಾಡಿ. ಸುದ್ದಿ ತಿಳಿದ ಅಂಕಲ್ ಕರೆಯದೆಯೇ ಬಂದರು. ಎರಡು ದಿನ ಆ ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತರು.

ನಾನು ಕಾಫಿ ಕೊಡಲು ಹೋದವಳು ಅಲ್ಲೇ ನಿಂತುಬಿಟ್ಟೆ. ಆ ಫ್ರಿಜ್ಜಿನಲ್ಲಿ ಮೋಟರೇ ಇರಲಿಲ್ಲ. ಹಿಂದೆ ಬರೀ ಕೊಳವೆಗಳು, ಕೆಳಗೆ ಕಿರುಬೆರಳಿನಷ್ಟು ನೀಲಿ ಗ್ಯಾಸ್ ಉರಿ. ಆ ಉರಿ ಅಮೋನಿಯಾ ಬೆರೆತ ನೀರನ್ನು ಕಾಯಿಸಿ ಮೇಲಕ್ಕೆ ಹತ್ತಿಸುತ್ತದೆ, ಅದು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ, ಹೀಗೆ ಸುತ್ತುತ್ತಾ ಸುತ್ತುತ್ತಾ ಒಳಗೆ ಹಾಲು ತಣ್ಣಗಾಗುತ್ತದೆ. ಇಂಜಿನಿಯರಿಂಗ್ ಓದಿದವಳು ನಾನು, ಬೆಂಕಿಯಿಂದ ತಣ್ಣಗೆ ಮಾಡಬಹುದು ಅಂತ ಪುಸ್ತಕದಲ್ಲಿ ಓದಿ ಪಾಸೂ ಆಗಿದ್ದೆ. ಕಣ್ಣೆದುರು ನೋಡಿದ್ದು ಅವತ್ತೇ. ಅಷ್ಟು ಸಣ್ಣ ಉರಿಯ ಮುಂದೆ ಅವರು ದೇವರ ಗೂಡಿನ ಮುಂದೆ ಕೂತ ಹಾಗೆ ಕೂತಿದ್ದರು.

“ಗಾಡಿ ಓರೆ ನಿಂತ್ರೆ ನೀರು ಇಳಿಯುದಿಲ್ಲ. ಆದ್ರೆ ಉರಿಗೆ ಅದು ಗೊತ್ತಿಲ್ಲ ಅಲ್ವಾ? ಅದು ಉರಿತಾನೇ ಇರ್ತದೆ. ಖಾಲಿ ಪಾತ್ರೆ ಒಲೆ ಮೇಲೆ ಇಟ್ಟ ಹಾಗೆ. ಕೊಳವೆ ಬಿರುಕು ಬಿಟ್ರೆ ಒಳಗಿದ್ದ ಹೈಡ್ರೋಜನ್ ಗಾಳಿ ಹೊರಗೆ ಬರ್ತದೆ, ಅದಕ್ಕೆ ಬೆಂಕಿ ಹಿಡೀಲಿಕ್ಕೆ ಹೊತ್ತು ಬೇಡ ಮಾರಾಯ್ತಿ,” ಅಂದರು.

ಹೊಗೆ ಹೋಗುವ ನಳಿಗೆಯಿಂದ ಕಣಜ ಕಟ್ಟಿದ್ದ ಮಣ್ಣಿನ ಗೂಡು ಕೆರೆದು ತೆಗೆದರು. ಮಸಿ ಉಜ್ಜಿದರು. ಗ್ಯಾಸ್ ಪೈಪು ಬದಲಿಸಿದರು. ಗಾಡಿ ಓಡುವಾಗ ಗ್ಯಾಸ್ ಬಂದ್, ಸರ್ವೋದಲ್ಲಿ, ಅಂದರೆ ಬಂಕಿನಲ್ಲಿ, ಪೆಟ್ರೋಲ್ ಹಾಕಿಸುವ ಮೊದಲೇ ಬಂದ್ ಅಂತ ನನ್ನ ಬಾಯಿಂದ ಮೂರು ಸಲ ಹೇಳಿಸಿದರು. ಕೊನೆಗೆ ಗಾರೆಯವರು ಇಟ್ಟುಕೊಳ್ಳುವ ಒಂದು ರಸಮಟ್ಟ ತಂದುಕೊಟ್ಟರು, ಗೇಣುದ್ದದ್ದು, ನಡುವೆ ಹಸಿರು ನೀರಿನ ಗುಳ್ಳೆ. ಗಾಡಿ ನಿಲ್ಲಿಸಿದ ಮೇಲೆ ಅದನ್ನು ಫ್ರಿಜ್ಜಿನ ಒಳಗೆ ಇಟ್ಟು ನೋಡಬೇಕು, ಗುಳ್ಳೆ ನಡುವಿಗೆ ಬರುವವರೆಗೆ ಚಕ್ರದ ಕೆಳಗೆ ಹಲಗೆ ಕೊಡಬೇಕು. ನಮ್ಮ ಮಗಳಿಗೆ ಆ ಗುಳ್ಳೆ ಬಹಳ ಹಿಡಿಸಿತು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು ಅದು. ಅಂಕಲ್ ಅವಳೆದುರು ರಸಮಟ್ಟ ಹಿಡಿದು, “ಮಟ್ಟ ಉಂಟಾ?” ಅಂತ ಕೇಳುವರು. “ಉಂಟೂ” ಅಂತ ಅವಳು ಕಿಸಕ್ಕನೆ ನಗುವಳು. ಅವಳ ಬಾಯಿಂದ ಕನ್ನಡ ಹೊರಡಿಸಿದ ಖ್ಯಾತಿ ಅವರದು.

ಇನ್ನೂ ಒಂದು ಮಾತು ಹೇಳಿದ್ದರಂತೆ: ಕೊಳವೆಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಆ ನೀರಿಗೆ ಹಳದಿ ಔಷಧ ಹಾಕಿರುತ್ತಾರೆ, ಬಿರುಕು ಬಿಟ್ಟರೆ ಹಳದಿ ಪುಡಿ ಕಾಣುತ್ತದೆ, ಕಂಡರೆ ಕೂಡಲೇ ಫೋನ್ ಮಾಡಿ. ಇದನ್ನು ನಮ್ಮವರಿಗೆ ಹೇಳಿದ್ದರು. ನಮ್ಮವರು ಇನ್ನೊಂದು ಕಿವಿಗೆ ಫೋನ್ ಇಟ್ಟುಕೊಂಡು ಹೂಂ ಹೂಂ ಅಂದಿದ್ದರು. ನನಗೆ ಹೇಳಲು ಮರೆತರು.

ಹೊರಡುವ ದಿನ ನಾನು ಗಾಡಿಗೆ ಪೂಜೆ ಮಾಡಿದೆ. ಚಕ್ರದ ಕೆಳಗೆ ನಿಂಬೆಹಣ್ಣು, ಗಾಜಿಗೆ ಹೂವು, ಕಂಡ ಕಂಡ ಬಾಗಿಲಿಗೆಲ್ಲ ಅರಿಶಿನ ಕುಂಕುಮ. ಅಂಕಲ್ ಅಷ್ಟು ಕಷ್ಟಪಟ್ಟ ಜಾಗ ಅಂತ, ಫ್ರಿಜ್ಜಿನ ಹಿಂದೆ ಹೊರಗಡೆಗೆ ಇರುವ ಜಾಲರಿಯ ಬಾಗಿಲಿಗೆ ಧಾರಾಳವಾಗಿಯೇ ಬಳಿದೆ. ಯಾವ ಬಣ್ಣ ಕಂಡರೆ ಹೆದರಬೇಕಿತ್ತೋ ಅದೇ ಬಣ್ಣವನ್ನು ಅದೇ ಜಾಗಕ್ಕೆ ಕೈಯಾರೆ ಹಚ್ಚಿ ಕೈ ಮುಗಿದೆ.

ಮೂರನೆಯ ದಿನ ಒಂದು ಸಣ್ಣ ಊರಿನ ನದಿ ದಂಡೆಯಲ್ಲಿ ನಿಂತೆವು. ಕಿಟಕಿಯಿಂದ ನದಿ ಕಾಣಲಿ ಅಂತ ನಮ್ಮವರು ಇಳಿಜಾರಿನಲ್ಲಿ ನಿಲ್ಲಿಸಿದರು. “ಒಂಚೂರು ಓರೆ ಇದೆ, ಒಂದು ದಿನಕ್ಕೆ ಏನಾಗುತ್ತೆ ಬಿಡೇ,” ಅಂದರು. ನಾನೂ ಬಿಟ್ಟೆ. ರಸಮಟ್ಟ ಡ್ರಾಯರಿನಲ್ಲಿ ಚಮಚಗಳ ಜೊತೆ ಮಲಗಿತ್ತು. ಅವತ್ತೇ ಮಳೆ ಹಿಡಿಯಿತು. ಎರಡು ದಿನ ಗಾಡಿ ಅಲ್ಲಾಡಿಸಲಾಗದಂತೆ ಸುರಿಯಿತು. ಒಂದು ದಿನ ಮೂರು ದಿನವಾಯಿತು.

ಅಲ್ಲಿನ ಮೂರನೆಯ ಬೆಳಿಗ್ಗೆ ಮಳೆ ನಿಂತಿತ್ತು. ಒಳಗೆ ಉಚ್ಚೆಯಂಥ ಒಂದು ಬಗೆಯ ವಾಸನೆ. ಮಗಳ ಹಾಸಿಗೆ ಫ್ರಿಜ್ಜಿಗೆ ಅಂಟಿಕೊಂಡೇ ಇತ್ತು. ಆರು ವರ್ಷವಾದರೂ ಹಾಸಿಗೆಯಲ್ಲಿ ಮಾಡಿಕೊಂಡಿದ್ದಾಳೆ ಅಂತ ನಾನು ತೀರ್ಮಾನಿಸಿದೆ. ಚೆನ್ನಾಗಿ ಬೈದೆ. ಅವಳು, “ಐ ಡಿಡಂಟ್, ಅಮ್ಮಾ,” ಅಂದಳು. ಸುಳ್ಳು ಬೇರೆ ಹೇಳ್ತೀಯಾ ಅಂತ ಇನ್ನಷ್ಟು ಬೈದೆ. ದುಪ್ಪಟಿ ಮುಟ್ಟಿ ನೋಡುವ ತಾಳ್ಮೆಯೂ ನನಗಿರಲಿಲ್ಲ. ಮಗು ಊಟವನ್ನೂ ಮಾಡದೆ ಅದೇ ಹಾಸಿಗೆಯಲ್ಲಿ ಮುದುಡಿ ಮಲಗಿತು. 

ಮಧ್ಯಾಹ್ನ ನೋಡಿದರೆ ಮೊಸರು ಹುಳಿ ಬಂದಿತ್ತು, ಫ್ರಿಜ್ ತಣ್ಣಗಾಗುತ್ತಿಲ್ಲ. ಹೊರಗೆ ನಿಂತು ಅಂಕಲ್‌ಗೆ ಫೋನ್ ಮಾಡಿದೆ. ಅವರದು ಹಲೋ ಇಲ್ಲ, ಚೆನ್ನಾಗಿದ್ದೀರಾ ಇಲ್ಲ, ಮೊದಲ ಮಾತೇ, “ಮಟ್ಟ ಉಂಟಾ?”

“ಇದೆ ಅಂಕಲ್,” ಅಂದೆ. ನಾನು ಸುಳ್ಳು ಹೇಳಿದೆ.

ಬೈಸಿಕೊಳ್ಳುವುದು ತಪ್ಪಲಿ ಅಂತ ಮಾತು ಬದಲಿಸಿ ನಕ್ಕೆ. “ಏನೇ ಹೇಳಿ, ನೀವು ಮುಟ್ಟಿದ ಗಾಡಿಗೆ ದೇವರ ದಯೆ ಇದೆ. ಎರಡು ದಿನದ ಮಳೆಗೆ ಕುಂಕುಮ ಎಲ್ಲಾ ತೊಳ್ಕೊಂಡು ಹೋಗಿದೆ, ಫ್ರಿಜ್ ಹಿಂದಿನ ಜಾಲರಿ ಬಾಗಿಲಲ್ಲಿ ಅರಿಶಿನ ಮಾತ್ರ ಹಾಗೇ ಇದೆ. ಈಗ ತಾನೇ ಒಂಚೂರು ತಗೊಂಡು ತಾಳಿಗೂ ಹಚ್ಕೊಂಡೆ.”

ಆ ಕಡೆ ಅಂಕಲ್ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು. 

“ಕಲೆಯಾ, ಪುಡಿಯಾ?” ಅಂದರು.

ಬಗ್ಗಿ ನೋಡಿದೆ. ಜಾಲರಿಯ ಒಳ ಅಂಚಿನಲ್ಲಿ ಹಳದಿ, ಒಣಗಿ ಉದುರುತ್ತಿತ್ತು. “ಪುಡಿ ಅಂಕಲ್.”

“ಎರಡು ದಿನ ಮಳೆ ಬಂದ ಮೇಲೆ ಒಣ ಪುಡಿ ಎಲ್ಲಿಂದ ಬಂತು? ಒಳಗೆ ಎಂತದಾದ್ರೂ ವಾಸನೆ ಉಂಟಾ?”

“ಅದು ಪಾಪು ಹಾಸಿಗೇಲಿ...”

“ಅದು ಮಗುವಿನದ್ದಲ್ಲ,” ಅಂದರು. ಅವರ ದನಿ ಏರಲಿಲ್ಲ. “ಮಗು ಎಲ್ಲಿ? ಮೊದಲು ಅವಳನ್ನು ಎತ್ತಿ ಹೊರಗೆ ತಾ. ನಿನ್ನ ಯಜಮಾನ್ರಿಗೆ ಹೊರಗಿನ ಸಿಲಿಂಡರ್ ಬಂದ್ ಮಾಡ್ಲಿಕ್ಕೆ ಹೇಳು. ಒಳಗೆ ಒಂದು ಸ್ವಿಚ್ಚೂ ಮುಟ್ಟಬಾರ್ದು. ಆ ಪುಡಿ ವಿಷ, ಆಮೇಲೆ ಸೋಪು ಹಾಕಿ ಕೈ ತೊಳಿ, ತಾಳಿನೂ ತೊಳಿ. ಫೋನ್ ಇಡಬೇಡ, ನಾನು ಇದ್ದೇನೆ.”

ಬಾಗಿಲಿನಿಂದ ಹಾಸಿಗೆಗೆ ನಾಲ್ಕು ಹೆಜ್ಜೆ. ಅಷ್ಟು ದೂರ ನಾನು ಜೀವನದಲ್ಲಿ ನಡೆದಿಲ್ಲ. ದುಪ್ಪಟಿ ಸಮೇತ ಮಗಳನ್ನು ಬಾಚಿಕೊಂಡು ಹೊರಗೆ ಓಡಿದೆ. ದುಪ್ಪಟಿ ಒಣಗಿತ್ತು... ಪೂರ್ತಿ ಒಣಗಿತ್ತು. ಅವಳು ನಿದ್ದೆಗಣ್ಣಲ್ಲಿ, “ಐ ಟೋಲ್ಡ್ ಯು, ಅಮ್ಮಾ,” ಅಂದಳು. ಒದ್ದೆ ಹುಲ್ಲಿನ ಮೇಲೆ ಅವಳನ್ನು ತಬ್ಬಿಕೊಂಡು ಕೂತು ಅತ್ತೆ. ಕಿವಿಯಲ್ಲಿ ಅಂಕಲ್, “ಬಂದ್ ಆಯ್ತಾ? ಗಾಡಿಯಿಂದ ದೂರ ಇದ್ದೀರಲ್ಲ?” ಅಂತ ಕೇಳುತ್ತಲೇ ಇದ್ದರು.

ಆ ಊರಿನ ವಯಸ್ಸಾದ ಮೆಕ್ಯಾನಿಕ್ ಒಬ್ಬ ಸಂಜೆಯೊಳಗೆ ಬಂದ. ಫ್ರಿಜ್ಜಿನ ಬೆನ್ನು ಬಿಚ್ಚಿ ಟಾರ್ಚ್ ಬಿಟ್ಟು ತೋರಿಸಿದ. ಉರಿಯ ಮೇಲಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು, ಸುತ್ತ ಹಳದಿ ಪುಡಿ, ಅದರ ಹಿಂದಿನ ಹಲಗೆ ಅಂಗೈಯಗಲ ಕಪ್ಪಗೆ ಸೀದಿತ್ತು. ಆ ಹಲಗೆಯ ಆಚೆ ಬದಿಗೆ ಮಗಳ ದಿಂಬು. ಗ್ಯಾಸ್ ಬಂದ್ ಮಾಡಲು ಹೇಳಿದ್ದು ಯಾರು ಅಂತ ಕೇಳಿದ. ನಮ್ಮ ಅಂಕಲ್, ಬ್ರಿಸ್ಬೇನಿನಲ್ಲಿದ್ದಾರೆ, ಫೋನಿನಲ್ಲಿ ಹೇಳಿದರು ಅಂದೆ. ಅವನು ನಂಬದವನ ಹಾಗೆ ನನ್ನನ್ನು ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಾನಾದರೂ ನಂಬಿದ್ದು ಹೇಗೆ? ಅಷ್ಟು ದೂರ ಕೂತ ಮನುಷ್ಯ, ನನ್ನ ಹರಟೆಯ ನಡುವಿನ ಒಂದು ‘ಅರಿಶಿನ’ವನ್ನು ಹಿಡಿದುಕೊಂಡು, ಗೋಡೆಯೊಳಗೆ ಸೀಯುತ್ತಿದ್ದ ಹಲಗೆಯನ್ನು ಕಂಡರು.  ಆಮೇಲೆ ಒಂದು ದಿನ ಮಟ್ಟದ ವಿಷಯ ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. “ಗೊತ್ತಿತ್ತು. ಮಟ್ಟ ಇದ್ದಿದ್ರೆ ನೀನು ನಗ್ತಿರ್ಲಿಲ್ಲ,” ಅಂದರು. ಅಷ್ಟೇ.

ಅಡಿಲೇಡಿನಲ್ಲಿ ಕೆಲವು ವರ್ಷ ಇದ್ದು, ಅಲ್ಲಿಂದ ಪರ್ತ್‌ಗೆ ಬಂದೆವು. ಫೋನ್ ಇತ್ತು, ‘ಮಟ್ಟ ಉಂಟಾ’ ಇತ್ತು, ಮಗಳ ‘ಉಂಟೂ’ ಬರಬರುತ್ತಾ ನಾಚಿಕೆಯಿಂದ ನಿಂತುಹೋಗಿತ್ತು. ಈ ವರ್ಷ ಬ್ರಿಸ್ಬೇನಿಗೆ ಹೋಗೋಣ, ಮುಂದಿನ ವರ್ಷ ಹೋಗೋಣ ಅಂತ ನಾವು ಮುಂದೂಡುತ್ತಿರುವಾಗಲೇ, ಹೋದ ವರ್ಷ ಅವರ ಹೆಂಡತಿ ಆಂಟಿಯ ಫೋನ್ ಬಂತು. ಅಂಕಲ್ ಇಲ್ಲ...

ಆಂಟಿ ತುಂಬಾ ಹೊತ್ತು ಮಾತಾಡಿದರು. ಅವರು ಉಂಡ ಕೊನೆಯ ಊಟದ ಬಗ್ಗೆ ಹೇಳುವಾಗ ಮಾತಿನ ಮಧ್ಯೆ ಅಂದರು, “ಅವರಿಗೆ ರುಚಿ ಎಲ್ಲಿ ಗೊತ್ತಾಗ್ತಿತ್ತು ಹೇಳು. ಮಲ್ಪೆಯಲ್ಲಿ ಅಮೋನಿಯಾ ಲೀಕ್ ಆದಾಗ ವಾಸನೆ ಹಿಡಿಯುವ ಮೂಗೇ ಹೋಯ್ತಲ್ಲ. ನನ್ನನ್ನು ಮದುವೆ ಆಗುವ ಮೊದಲೇ.”

ನನಗೆ ಗೊತ್ತಿರಲಿಲ್ಲ. ಸೀದ ಹುಳಿಯನ್ನು ಎರಡು ಸಲ ಹಾಕಿಸಿಕೊಂಡಿದ್ದು ಅದಕ್ಕೇ. ನನಗೆ ಮೂಗಿತ್ತು, ವಾಸನೆ ಬಂದಿತ್ತು, ಮಗುವಿಗೆ ಬೈದೆ. ಅವರಿಗೆ ಮೂಗೇ ಇರಲಿಲ್ಲ, ಇಷ್ಟು ವರ್ಷ ಕಣ್ಣಿನಿಂದ, ಕಿವಿಯಿಂದ, ಎಲ್ಲರನ್ನೂ ಕೇಳಿ ಕೇಳಿ ಬೆಂಕಿಗೆ ಕಾವಲು ಕಾದರು. ಅವರು ಎಷ್ಟು ಗಾಡಿಗಳನ್ನು ಉಳಿಸಿದ್ದಾರೋ ಯಾರೂ ಹೇಳಲಾರರು. ಹತ್ತದೆ ಹೋದ ಬೆಂಕಿಯನ್ನು ನೋಡಿದವರು ಯಾರಿದ್ದಾರೆ?

ಮಗಳಿಗೆ ಈಗ ಹತ್ತೊಂಬತ್ತು. ಹೋದ ಗುರುವಾರ ಗೆಳತಿಯರ ಜೊತೆ ಒಂದು ಹಳೆಯ ಮೋಟರ್‌ಹೋಮಿನಲ್ಲಿ ದಕ್ಷಿಣದ ಕಡಲ ಕಡೆಗೆ ಹೊರಟಳು. ಬೇಡ ಅನ್ನಲು ಬಾಯಿ ತೆರೆದೆ, ಅಂಕಲ್ ಯಾರಿಗೂ ಹೋಗಬೇಡ ಅಂದವರಲ್ಲ ಅಂತ ನೆನಪಾಗಿ ಮುಚ್ಚಿಕೊಂಡೆ. ಗಾಡಿಗೆ ಪೂಜೆ ಮಾಡಿದೆ. ಎಲ್ಲ ಬಾಗಿಲಿಗೂ ಅರಿಶಿನ ಕುಂಕುಮ, ಫ್ರಿಜ್ಜಿನ ಹಿಂದಿನ ಜಾಲರಿಗೆ ಕುಂಕುಮ ಮಾತ್ರ. ನಮ್ಮ ಮನೆಯಲ್ಲಿ ಈಗ ಅದೇ ಶಾಸ್ತ್ರ. ರಸಮಟ್ಟವನ್ನು ಅವಳ ಬ್ಯಾಗಿಗೆ ತುರುಕಿದೆ. ಅವಳು ಕಣ್ಣು ತಿರುಗಿಸಿ, “ಯೆಸ್ ಅಮ್ಮಾ, ಐ ನೋ ಅಮ್ಮಾ,” ಅಂದಳು.

ಬಣ್ಣದ ಘಾಟಿನಲ್ಲಿ ಇದನ್ನೆಲ್ಲ ನೆನೆಯುತ್ತಾ ಅರ್ಧ ತಲೆಗೆ ಹಚ್ಚಿದ್ದೆ, ಅರ್ಧ ಬಾಕಿ. ಫೋನ್ ಬಂತು, ಮಗಳದು. ಹಿಂದೆ ಗಾಳಿಯ ಸದ್ದು, ಹುಡುಗಿಯರ ನಗು. ಹಲೋ ಇಲ್ಲ, ಹೌ ಆರ್ ಯು ಇಲ್ಲ.

“ಅಮ್ಮಾ, ಮಟ್ಟ ಉಂಟು,” ಅಂದಳು.

ಮೈಸೂರಿನವರಾದ ನಮ್ಮಲ್ಲಿ ಯಾರೂ ‘ಉಂಟು’ ಅನ್ನುವುದಿಲ್ಲ. ನಾನೂ ಅವಳನ್ನು ಏನೂ ಕೇಳಿರಲಿಲ್ಲ. ಕೇಳುವವರು ಹೋಗಿ ಒಂದು ವರ್ಷವಾಯಿತು, ಆ ಉತ್ತರ ಮಾತ್ರ ತಾನಾಗಿಯೇ ಬಂದಿತ್ತು. ಕೈಗೆ ಬಣ್ಣ ಮೆತ್ತಿಕೊಂಡಿತ್ತು, ಹಾಗಾಗಿ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.