ಅಕ್ಕನ ಪಾಠದ ಡಿಸ್ಕು

ನಾನು ಚಿಕ್ಕವಳಿದ್ದಾಗ ಹೊಳೆಯುವ ಡಿಸ್ಕ್ ಕಂಡರೆ ಸಾಕು, ಬಾಯಲ್ಲಿ ನೀರೂರುತ್ತಿತ್ತು. ನಗಬೇಡಿರೋ! ತಿನ್ನಲಿಕ್ಕಲ್ಲ. ಕೆಟ್ಟ ಡಿಸ್ಕನ್ನು ಸೈಕಲ್ ಚಕ್ರಕ್ಕೆ ಕಟ್ಟಿದರೆ ಬಿಸಿಲಿಗೆ ಬಣ್ಣಬಣ್ಣದ ಬೆಳಕು ಚಿಮ್ಮುತ್ತಿತ್ತು. ನಮ್ಮ ಓಣಿಯ ಮಕ್ಕಳ ಸೈಕಲ್ಲುಗಳಿಗೆಲ್ಲ ಒಂದೊಂದು ಇತ್ತು, ನನ್ನದಕ್ಕೆ ಮಾತ್ರ ಇರಲಿಲ್ಲ.

ಆಗ ನಾವು ಸೇಡಂ ಹತ್ತಿರ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿದ್ದೆವು. ಅಪ್ಪ ಶಾಲೆಯ ಮಾಸ್ತರರು. ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವಳ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಪಕ್ಕದ ಮನೆಯ ಕಾಕಾ ಅವರ ಕಂಪ್ಯೂಟರಿನ ಮುಂದೆ ಅಪ್ಪ ದಿನಾ ಸಂಜೆ ಕುಳಿತು, ಗಂಟಲು ಕಟ್ಟುವವರೆಗೆ ಚರಿತ್ರೆಯ ಪಾಠಗಳನ್ನು ಓದಿ ರೆಕಾರ್ಡ್ ಮಾಡಿದ್ದರು. ಅವನ್ನು ಡಿಸ್ಕಿಗೆ ಇಳಿಸಿಕೊಂಡರೆ ನಮ್ಮ ಮನೆಯ ಪ್ಲೇಯರಿನಲ್ಲಿ ಅಕ್ಕ ಬೇಕಾದ ಪಾಠವನ್ನು ತಾನೇ ಹಾಕಿಕೊಂಡು ಕೇಳಬಹುದಿತ್ತು.

ಅಷ್ಟರಲ್ಲಿ ಕಾಕಾ ಅವರಿಗೆ ವರ್ಗವಾಯಿತು. ಅವರು ಹೊರಡುವ ದಿನ ನಾವು ಮೂವರೂ ಅಲ್ಲೇ ಇದ್ದೆವು. ಮನೆತುಂಬ ಸಾಮಾನಿಗೆ ಸುತ್ತಿದ ಒಣಹುಲ್ಲಿನ ವಾಸನೆ, ನಾಲಿಗೆಯ ಮೇಲೆ ಸಿಮೆಂಟಿನ ಧೂಳು. ಸಾಮಾನೆಲ್ಲ ಕಟ್ಟಿಯಾಗಿತ್ತು, ಬಾಗಿಲಲ್ಲಿ ಲಾರಿ ನಿಂತಿತ್ತು. ಮೇಜಿನ ಮೇಲೆ ಉಳಿದದ್ದು ಕಂಪ್ಯೂಟರ್ ಒಂದೇ. ಅಪ್ಪ ಕಲಬುರಗಿಯಿಂದ ತಂದಿದ್ದ ಡಿಸ್ಕೂ ಒಂದೇ. ಕಾಕಾ ಅದನ್ನು ಒಳಗೆ ಹಾಕಿ ಬರೆಯಲು ಬಿಟ್ಟರು.

ಅರ್ಧವಾಗಿರಬೇಕು, ಸೈರನ್ ಕೂಗಿತು. ದಿನಾ ಮಧ್ಯಾಹ್ನ ಸುಣ್ಣಕಲ್ಲಿನ ಗಣಿಯಲ್ಲಿ ಮದ್ದು ಹಾರಿಸುವ ಮುಂಚೆ ಹಾಗೆ ಕೂಗುತ್ತಿತ್ತು. ಕೇಳಿದೊಡನೆ ಗಾಜಿನ ಸಾಮಾನು ಹಿಡಿದುಕೊಳ್ಳುವುದು ಕಾಲೊನಿಯವರೆಲ್ಲರ ರೂಢಿ. ಕಾಕಾ ಕನ್ನಡಿ ಹಿಡಿದರು, ಅಪ್ಪ ಚಹಾದ ಕಪ್ಪು-ಬಸಿಯ ಡಬ್ಬ ಅಪ್ಪಿಕೊಂಡರು, ನಾನು ಉಪ್ಪಿನಕಾಯಿ ಭರಣಿ ಹಿಡಿದೆ. ಕಂಪ್ಯೂಟರ್ ಯಾರಿಗೂ ನೆನಪಾಗಲಿಲ್ಲ. ಧಡ್! ಮೇಜು ಗಡಗಡ ಅಲುಗಿತು, ಬರವಣಿಗೆ ಅರ್ಧಕ್ಕೇ ನಿಂತಿತು. ಒಂದು ಬಸಿಯೂ ಒಡೆಯಲಿಲ್ಲ ನೋಡಿ!

"ಕೆಟ್ಟು ಹೋತ್ರಿ ಮಾಸ್ತರ. ಒಮ್ಮಿ ನಡುವ ನಿಂತ್ರ ಆ ಡಿಸ್ಕ್ ಮುಗದಂಗಽ," ಎಂದರು ಕಾಕಾ.

ಅಪ್ಪನ ಮುಖ ಸಣ್ಣದಾಯಿತು. ಅಕ್ಕ ದುಪಟ್ಟಾದ ತುದಿ ತಿರುಚುತ್ತ ಕುಳಿತಳು. ನಾನೋ, ಹೇಳಲು ನಾಚಿಕೆ, ಕಾಕಾ ಹೊರತೆಗೆದಿಟ್ಟ ಡಿಸ್ಕಿಗೆ ಆಗಲೇ ಸೈಕಲ್ಲಿಗೆ ಕಟ್ಟಲೆಂದು ದಾರ ಪೋಣಿಸುತ್ತಿದ್ದೆ.

"ಅದರ ಮ್ಯಾಲೆ ಏನ್ ಬರದಾರ, ಎಲ್ಲಾ ಓದು," ಎಂದಳು ಅಕ್ಕ. ಅವಳಿಗೆ ಏನೇ ಇದ್ದರೂ ಓದಿ ಹೇಳುವವಳು ನಾನೇ. ಕಂಪನಿಯ ಹೆಸರು ಓದಿ ಸುಮ್ಮನಾದೆ. ಕೆಳಗಿನ ಸಣ್ಣ ಅಕ್ಷರಗಳು ಕಂಡಿದ್ದವು. ಓದಿದರೆ ಡಿಸ್ಕ್ ಕೈತಪ್ಪುತ್ತದೆಂದು ಯಾಕೋ ಅನ್ನಿಸಿತು.

"ಮತ್ತ?"

"ಮತ್ತೇನಿಲ್ಲ."

"ನನ್ನ ಮುಂದ ಸುಳ್ಳ ಹೇಳಬ್ಯಾಡ."

ಅವಳ ಧ್ವನಿ ನಡುಗುತ್ತಿತ್ತು. ನಾನು ದಾರ ಎಳೆದು ತೆಗೆದೆ. "ರೀರೈಟೆಬಲ್," ಎಂದು ಓದಿದೆ.

"ಕಾಕಾ, ಇದು ಅಳಿಸಿ ಮತ್ತ ಬರಿಯೂದದರಿ!" ಎಂದು ಅಕ್ಕ ಎದ್ದೇ ನಿಂತಳು. ಕಾಕಾ ಹಣೆ ಹಣೆ ಬಡಿದುಕೊಂಡರು. "ಅಯ್ಯ, ನಾ ಓದೇ ಇಲ್ಲ ನೋಡವ್ವ!"

ಅಳಿಸಿ ಮತ್ತೆ ಬರೆಯಲು ಅರ್ಧ ತಾಸಾದರೂ ಬೇಕಿತ್ತು. ಹೊರಗೆ ಲಾರಿಯ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಅಪ್ಪ ಹೋಗಿ ಕೈಮುಗಿದು ಸಂಗತಿ ಹೇಳಿದರು.

"ಹುಡುಗಿ ಪರೀಕ್ಷಾ ಅಂತೀರಿ, ನಿಲ್ಲಂಗಿಲ್ಲ ಅಂದ್ರ ಹ್ಯಾಂಗ್ರಿ? ಸಾವಕಾಶ ಮಾಡ್ರಿ," ಎಂದು ಅವನು ಇಂಜಿನ್ನನ್ನೂ ಬಂದ್ ಮಾಡಿದ, ಮೇಜು ಅಲುಗಬಾರದೆಂದು.

ನಾವೆಲ್ಲ ಮೇಜಿಗೆ ತಾಗದಂತೆ ದೂರ ಕುಳಿತೆವು. ಕೊನೆಗೆ ಡಿಸ್ಕ್ ಹೊರಬಂತು. ಮನೆಗೆ ಓಡಿ ಪ್ಲೇಯರಿಗೆ ಹಾಕಿದೆವು. "ಪಾಠ ಒಂದು," ಎಂದಿತು ಅಪ್ಪನ ಧ್ವನಿ. ಅಕ್ಕ ನನ್ನ ಕಿವಿ ಹಿಂಡಿ, "ಕಳ್ಳಿ!" ಎಂದು ನಕ್ಕಳು.

ಈಗ ನೀವು ತಪ್ಪಾದರೆ ಬೆರಳಲ್ಲಿ ಒತ್ತಿ ಅಳಿಸುತ್ತೀರಿ. ಯಾವ ಪಾಠವನ್ನಾದರೂ ಫೋನೇ ಓದಿ ಹೇಳುತ್ತದೆ. ಭಾಳ ಒಳ್ಳೆಯದಾಯಿತು, ನನಗೇನೂ ಹೊಟ್ಟೆಕಿಚ್ಚಿಲ್ಲ. ನಮಗೆ ಅಷ್ಟಕ್ಕೇ ಅಪ್ಪನ ಗಂಟಲು, ಕಾಕಾ ಅವರ ಕಂಪ್ಯೂಟರ್, ಗುರುತಿಲ್ಲದ ಡ್ರೈವರನ ಅರ್ಧ ತಾಸು ಬೇಕಾಯಿತು. ಅಕ್ಕ ಪಾಸಾಗಿ, ಮುಂದೆ ಓದಿ, ಕಾಲೇಜಿನಲ್ಲಿ ಚರಿತ್ರೆ ಕಲಿಸಿದಳು. ಆ ಡ್ರೈವರನಿಗೆ ಅದು ಗೊತ್ತಾಗಲೇ ಇಲ್ಲ. ಎಲ್ಲಿಯಾದರೂ ಸಿಕ್ಕಿದ್ದರೆ ಹೇಳುತ್ತಿದ್ದೆ.